ನಡುವಿಗೆ ಫೋನು ಕಟ್ಟಿಕೊಂಡು ನಡೆದದ್ದು

ನನ್ನ ಮೊಮ್ಮಕ್ಕಳೇ, ಲಕ್ವಾ ಹೊಡೆದ ಮೇಲೆ ನಾನು ಬೀಳುವವಳೋ ನಿಲ್ಲುವವಳೋ ಎಂಬುದನ್ನು ನನ್ನ ಕಾಲನ್ನು ಬಿಟ್ಟು ಮೊಬೈಲನ್ನು ಕೇಳಿದರು. ನಿಮ್ಮಪ್ಪ ಹೇಳುವ ಕಥೆ ಬೇರೆ, ನಡೆದದ್ದು ಬೇರೆ; ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಎಡಗಾಲು ತುಸು ಎಳೆಯುತ್ತಿತ್ತು. ಚಿಮ್ಮನಚೋಡದ ತಂಗಿಯ ಮನೆಗೆ ಒಬ್ಬಳೇ ಬಸ್ಸಿಗೆ ಹೋಗಿ ಬರುತ್ತೇನೆಂದೆ. “ಮೊಬೈಲ್ ಪರೀಕ್ಷಾದಾಗ ಪಾಸಾಗು, ಆಮ್ಯಾಲ ಹೋಗುವಿಯಂತ” ಎಂದ ನಿಮ್ಮಪ್ಪ. ಅವನು ಪರೀಕ್ಷೆ ಪಾಸಾದ ಬಗೆ ನನಗೆ ಗೊತ್ತಿತ್ತು. ಆದರೂ ಹೂಂ ಅಂದೆ.

ಸೇಡಂನ ನಮ್ಮ ಮನೆಗೇ ಬಂದ ವ್ಯಾಯಾಮದ ಡಾಕ್ಟರಮ್ಮ ನನ್ನ ನಡುವಿಗೆ ಪಟ್ಟಿಯಿಂದ ಫೋನು ಬಿಗಿದಳು. ಕುರ್ಚಿಯಿಂದ ಎದ್ದು, ಪಡಸಾಲೆಯ ಆಚೆ ಗೋಡೆಯ ತನಕ ನಡೆದು, ತಿರುಗಿ ಬರಬೇಕು. ಮೈ ಎಷ್ಟು ಓಲಾಡುತ್ತದೆಂದು ಫೋನೇ ಅಳೆಯುತ್ತದಂತೆ. ಆದರೆ ಪಡಸಾಲೆಯ ನಡುವೆ ನನ್ನ ಗಂಡನ ಅಣ್ಣ, ನಿಮ್ಮ ದೊಡ್ಡ ಮುತ್ಯಾ, ಕುಳಿತಿದ್ದರು. ಮದುವೆಯಾಗಿ ಬಂದಾಗಿನಿಂದ ನಾನು ಅವರೆದುರು ತಲೆಯೆತ್ತಿ ನಡೆದವಳಲ್ಲ, ಮಾತಾಡಿದವಳೂ ಅಲ್ಲ. ಅಂದೂ ಸೆರಗು ಮುಂದಕ್ಕೆಳೆದು, ಬೆನ್ನು ಬಾಗಿಸಿ, ಗೋಡೆಗೆ ಹತ್ತಿಕೊಂಡು ಅಡ್ಡಡ್ಡ ಸರಿಯುತ್ತ ಹೋಗಿ ಬಂದೆ. ನಮ್ಮತ್ತೆ ಬದುಕಿದ್ದರೆ ಪೂರಾ ಮಾರ್ಕ್ಸ್ ಕೊಡುತ್ತಿದ್ದರು. ಫೋನು ಕೆಂಪು ತೋರಿಸಿತು.

“ಬೀಳೋ ಅಪಾಯ ಭಾಳ ಅದರೀ” ಎಂದಳು ಡಾಕ್ಟರಮ್ಮ.

“ನಾ ಹೇಳಿದ್ನಿಲ್ಲ?” ಎಂದು ನಿಮ್ಮಪ್ಪ ಮೀಸೆ ತಿರುವಿದ.

ನಿಮ್ಮವ್ವ ಮಾತ್ರ ನಕ್ಕಳು. “ಹಿತ್ತಲದಾಗ ನಮ್ಮತ್ತಿ ನೆಟ್ಟಗ ನಡೀತಾರ್ರೀ. ಇಲ್ಲಿ ದೊಡ್ಡ ಮಾವಾರು ಕುಂತಾರಂತ ಹಿಂಗ.”

“ಹಂಗಾದ್ರ ಮುತ್ಯಾರು ತುಸು ಹೊರಗ ಕುಂದರಲಿ. ಇನ್ನೊಮ್ಮೆ ನೋಡೂಣು” ಎಂದಳು ಡಾಕ್ಟರಮ್ಮ.

ಆದರೆ ಅವರಿಗೆ ಹೇಳುವವರು ಯಾರು? ನಿಮ್ಮಪ್ಪ ಫ್ಯಾನು ನೋಡಿದ. ನಿಮ್ಮವ್ವ ನೆಲದ ಫರ್ಸಿ ಕಲ್ಲು ನೋಡಿದಳು. ಚಿಮ್ಮನಚೋಡ ಕೈತಪ್ಪುತ್ತಿತ್ತು. ನಾನೇ ಬಾಗಿಲ ಮರೆಗೆ ನಿಂತು ಅಂದೆ: “ಭಾವಾರ, ಹೊರಗ ಕಟ್ಟಿ ಮ್ಯಾಲ ಕುಂದರ್ರಿ.”

ಮುದುಕರು ಎದ್ದರು. “ಇದನ್ನ ಆವಾಗೇ ಹೇಳಬಾರದಿತ್ತೇನವಾ? ನೀ ಬಿದ್ರ ಹಿಡೀಲಿಕ್ಕಂತ ಕುಂತಿದ್ದೆ!”

ತಮ್ಮನ ಹೆಂಡತಿಯ ನೆರಳಿಗೂ ದೂರ ಸರಿಯುವ ಮನುಷ್ಯ ಅದು ಹೇಗೆ ಹಿಡಿಯುತ್ತಿದ್ದರೋ, ನಾನು ಕೇಳಲಿಲ್ಲ. ಒಂದು ಜನ್ಮಕ್ಕೆ ಒಂದು ಮಾತು ಸಾಕು.

ಈ ಸಲ ತಲೆಯೆತ್ತಿ ನಡೆದೆ. ಫೋನು ಹಳದಿ ತೋರಿಸಿತು. ಕೋಲು ಹಿಡಿದರೆ ಹೋಗಬಹುದು ಎಂದಳು ಡಾಕ್ಟರಮ್ಮ. ಕೆಂಪನ್ನು ಒಂದೇ ಸಲಕ್ಕೆ ನಂಬಿದ್ದ ನಿಮ್ಮಪ್ಪ, ಹಳದಿಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದ.

ಹೋದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂಬಿ ಹಿಡಿದು ಬಸ್ಸು ಬದಲಿಸುವ ಚಿಂಚೋಳಿಯ ತನಕ ನಿಂತೇ ಹೋದೆ, ಬೀಳಲಿಲ್ಲ. ಕಿಟಕಿ ಪಕ್ಕ ಆರಾಮ ಕುಳಿತು ಹೋದೆನೆಂದು ನಿಮ್ಮಪ್ಪ ಇವತ್ತಿಗೂ ನಂಬಿದ್ದಾನೆ. ಅದಕ್ಕೇ ಈ ಹಾಳೆಗಳನ್ನು ಜೋಪಾನವಾಗಿಡಿ. ಅವನ ಕೈಗೆ ಸಿಕ್ಕರೆ ಆ ಪಟ್ಟಿ ಮತ್ತೆ ನನ್ನ ನಡುವಿಗೆ ಬರುತ್ತದೆ.