ಹರಿದ ಎಳೆಗೆ ಭಾಷಣ

ಅತ್ತೆಯ ತೋರುಬೆರಳಿನ ತುಂಬ ರೇಷ್ಮೆ ಎಳೆ ಕೊಯ್ದ ಸಣ್ಣ ಸಣ್ಣ ಗೆರೆಗಳಿದ್ದವು. ನಮ್ಮ ಮನೆಯಲ್ಲಿ ಉಣ್ಣುವಾಗ ಸಾರಿನ ಖಾರ ತಾಗಿ ಉರಿದರೆ ಬೆರಳನ್ನು ಬಾಯಲ್ಲಿಟ್ಟುಕೊಂಡು ನಗುತ್ತಿದ್ದಳು. ಅವಳು ಅಪ್ಪನ ಅಕ್ಕ. ಮೊಳಕಾಲ್ಮೂರಿನಲ್ಲಿ ಬೇರೆಯವರ ಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಚಳ್ಳಕೆರೆಗೆ ಬರುತ್ತಿದ್ದದ್ದು ನಮ್ಮನ್ನು ನೋಡಲಿಕ್ಕಲ್ಲ, ಸರ್ಕಾರಿ ಆಸ್ಪತ್ರೆಯ ಗುಳಿಗೆಗೆ. ಗಂಡ ಸತ್ತ ಮೇಲೆ ಯಾರೋ ಕಿವಿಯಲ್ಲಿ ಬೈಯುವುದು ಅವಳಿಗೆ ಕೇಳಿಸುತ್ತಿತ್ತು. ಗುಳಿಗೆ ನುಂಗಿದರೆ ಆ ದನಿ ಸುಮ್ಮನಾಗುತ್ತಿತ್ತು, ಮಗ್ಗ ನಡೆಯುತ್ತಿತ್ತು. ಇದನ್ನವಳು ಯಾರಿಂದಲೂ ಮುಚ್ಚಿಡಲಿಲ್ಲ. ‘ಕೆಲವ್ರಿಗೆ ಮಂಡಿ ನೋವೈತೆ, ನಂಗೆ ತಲೇದು, ಅಷ್ಟೆ’ ಎನ್ನುತ್ತಿದ್ದಳು.

ಒಂದು ವರ್ಷ ಗುಳಿಗೆ ಬರುವುದು ನಿಂತಿತು. ಅನುದಾನ ಬಂದಿಲ್ಲ, ಮುಂದಿನ ತಿಂಗಳು ಬನ್ನಿ ಎಂದರು. ಮುಂದಿನ ತಿಂಗಳೂ ಅದೇ ರಾಗ. ಊರಿನ ಔಷಧಿ ಅಂಗಡಿಗಳಲ್ಲಿ ಅದನ್ನು ಇಡುತ್ತಿರಲಿಲ್ಲ. ಅಪ್ಪ ಒಮ್ಮೆ ದಾವಣಗೆರೆಯಿಂದ ತಂದ, ಅದೂ ಮುಗಿಯಿತು, ಮತ್ತೆ ತರುವಷ್ಟು ದುಡ್ಡಿರಲಿಲ್ಲ. ಅದೇ ಹೊತ್ತಿಗೆ ಕಲ್ಯಾಣ ಮಂಟಪದಲ್ಲಿ, ಸರ್ಕಾರದ ಖರ್ಚಿನಲ್ಲೇ, ಮನಃಶಾಂತಿ ಶಿಬಿರ! ಶಾಮಿಯಾನ, ಹಾರ, ಬಾದಾಮಿ ಹಾಲು. ಆರೋಗ್ಯ ಇಲಾಖೆಯ ಮೇಲಿನ ಕಚೇರಿಯಿಂದ ಬಂದ ಸಾಹೇಬರು ಎಣ್ಣೆ ಮಿಲ್ಲಿನ ಸಾಹುಕಾರರಿಗೆ ಕಣ್ಣು ಮುಚ್ಚಿ ಉಸಿರು ಬಿಡುವುದನ್ನು ಕಲಿಸಿ, ಮನಸ್ಸಿನ ಆರೋಗ್ಯ ಅವರವರ ಕೈಯಲ್ಲೇ ಇದೆ ಎಂದರು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ ಎದ್ದು ನಿಂತಳು.

‘ಉಸ್ರು ನಂಗೂ ಬಿಡಾಕೆ ಬರ್ತೈತ್ರಿ. ಗುಳಿಗೆ ಯಾವಾಗ ಬರ್ತಾವೆ, ಅದ್ನ ಹೇಳ್ರಿ.’

ಸಾಹೇಬರು ನಕ್ಕರು. ಗುಳಿಗೆಯ ಚಟ ಬಿಟ್ಟು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಮ್ಮ ಎಂದರು. ಜನ ಚಪ್ಪಾಳೆ ತಟ್ಟಿದರು. ಥೂ, ಆ ಚಪ್ಪಾಳೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅತ್ತೆ ಕೂರಲಿಲ್ಲ. ‘ಎಳೆ ಹರಿದ್ರೆ ಗಂಟು ಹಾಕ್ಬೇಕ್ರಿ. ಭಾಷಣ ಮಾಡಿದ್ರೆ ಕೂಡಲ್ಲ’ ಎಂದು ಹೇಳಿಯೇ ಹೊರಗೆ ಬಂದಳು.

ಮಗ್ಗದ ಮೇಲಿರುವ ಸೀರೆಯನ್ನು ಅರ್ಧಕ್ಕೆ ಕತ್ತರಿಸುವುದನ್ನು ಅವಳ ಕೇರಿಯಲ್ಲಿ ಯಾರೂ ಕನಸಿನಲ್ಲೂ ಮಾಡುವುದಿಲ್ಲ. ಆ ಚಳಿಗಾಲದಲ್ಲಿ, ಕಿವಿಯ ದನಿ ಹೇಳಿತೆಂದು, ಸೆರಗು ನೇಯುವ ಮೊದಲೇ ಅತ್ತೆ ಸೀರೆಗೆ ಕತ್ತರಿ ಹಾಕಿದಳು. ಮಾಲೀಕ ಮಗ್ಗ ಬಿಡಿಸಿದ. ನಾವು ಮನೆಗೆ ಕರೆತಂದೆವು. ಅನ್ನಕ್ಕೆ ವಿಷ ಬೆರೆಸಿದ್ದಾರೆಂದು ಉಣ್ಣದೆ ಸೊರಗಿ ಸೊರಗಿ, ಬೇಸಿಗೆಯಲ್ಲಿ ಹೋಗಿಬಿಟ್ಟಳು. ಮಾತಾಡಿಸಲು ಬಂದವರು, ಪಾಪ, ಮನಸ್ಸು ಗಟ್ಟಿ ಮಾಡಿಕೊಳ್ಳಲಿಲ್ಲ ಎಂದರು. ಅವ್ವ ಅವರನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸಿದಳು.

ಎಷ್ಟೋ ವರ್ಷಗಳ ಮೇಲೆ ನನ್ನ ತಲೆಯೂ ಕೆಟ್ಟಿತು. ಧ್ಯಾನ, ಪ್ರಾಣಾಯಾಮ, ಸತ್ಸಂಗ ಎನ್ನುತ್ತಾ ಹಿತ ಹೇಳುವವರು ಬಂದರು. ಅತ್ತೆಯನ್ನು ಕಂಡಿದ್ದ ನಾನು ನೆಟ್ಟಗೆ ಅದೇ ಆಸ್ಪತ್ರೆಗೆ ಹೋಗಿ ಗುಳಿಗೆ ಕೇಳಿದೆ. ಈಗ ಕೊಡುತ್ತಾರೆ. ಅದರಿಂದಲೇ ಬದುಕಿದ್ದೇನೆ. ಆದರೂ ಅದು ಅಂಗೈಗೆ ಬಿದ್ದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ. ಇಷ್ಟೇ ಇಷ್ಟು ಗುಳಿಗೆ. ಇದನ್ನು ನಮ್ಮತ್ತೆಗೆ ಕೊಡಲಾಗಲಿಲ್ಲ ಇವರಿಗೆ.