ಬೆಳಕು ಯಾವ ಕಡೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜಯನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಅಪ್ಪ ಅಮ್ಮ ತೀರಿಕೊಂಡಿದ್ದರು; ಚಿತ್ರದುರ್ಗದ ಅಣ್ಣನ ಮನೆಯಲ್ಲಿ ನನಗೆ ಜಾಗವಿರಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ನರ್ಸ್ ಕೆಲಸ. ಸುತ್ತಲ ಹಳ್ಳಿಗಳಿಗೆ ಹೋಗಿ ಜನರ ಕಣ್ಣು ನೋಡಿ ಬರಬೇಕಿತ್ತು. ಸಂಜೆ ಕೋಣೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ಕೆಲವು ಭಾನುವಾರಗಳು ನನ್ನ ದನಿ ನನಗೇ ಕೇಳಿಸದೆ ಮುಗಿಯುತ್ತಿದ್ದವು.

ಕಣ್ಣಿನ ಒಳಗನ್ನು ನೋಡುವ ಯಂತ್ರ ಆಸ್ಪತ್ರೆಯಲ್ಲಿದ್ದದ್ದು ಒಂದೇ. ಅದನ್ನು ಡಾಕ್ಟರು ಹೊರಗೆ ಬಿಡುತ್ತಿರಲಿಲ್ಲ. ನನ್ನ ಚೀಲದಲ್ಲಿದ್ದವು ಒಂದು ಟಾರ್ಚು, ದಬ್ಬಳದಿಂದ ತೂತು ಮಾಡಿದ ರಟ್ಟಿನ ತುಂಡು, ನಾನೇ ಹೊಲಿದ ಬಟ್ಟೆಯ ಚಾರ್ಟು. ಹಳೆಯ ಬಿಳಿ ಪಂಚೆಯ ಮೇಲೆ ಕಪ್ಪು ಬಟ್ಟೆಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರಗಳು, ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿದವು. ಓದು ಬಾರದವರು ಅದರ ಕಾಲುಗಳು ಯಾವ ಕಡೆಗಿವೆಯೆಂದು ಬೆರಳಲ್ಲಿ ತೋರಿಸಿದರೆ ಸಾಕು. ಮಂಜಾಗಿ ಕಾಣುತ್ತದೆ ಎಂದವರಿಗೆ ರಟ್ಟಿನ ತೂತಿನಿಂದ ನೋಡಲು ಹೇಳುತ್ತಿದ್ದೆ. ಆಗ ಚೆನ್ನಾಗಿ ಕಂಡರೆ ಅವರಿಗೆ ಬೇಕಾದ್ದು ಬರೀ ಕನ್ನಡಕ.

ಒಮ್ಮೆ ಸಾರಕ್ಕಿ ಕೆರೆ ಏರಿಯ ಹೊಂಗೆ ಮರಕ್ಕೆ ಚಾರ್ಟು ಕಟ್ಟಿದೆ. ಊರಿನವರೆಲ್ಲ ಬಂದರು. ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಮಾತ್ರ ತೂಬಿನ ಹತ್ತಿರ ಕೂತೇ ಇದ್ದರು.

“ಆವಯ್ಯನ್ನ ಬುಡಿ ನರ್ಸಮ್ಮ,” ಎಂದಳು ಒಬ್ಬ ಹೆಂಗಸು. “ಹೆಂಡ್ತಿ ಸತ್ಮೇಲೆ ಬೋ ಜಂಬ. ಎದುರ್ಗೇ ಹೋದ್ರೂ ಮಾತಾಡ್ಸಾಕಿಲ್ಲ.”

ಎಲ್ಲರೂ ಹೋದ ಮೇಲೆ ಅವರ ಬಳಿ ಹೋದೆ. “ಯಜಮಾನ್ರೇ, ನಿಮ್ಮ ಕಣ್ಣೂ ನೋಡ್ಲಾ?”

“ನನ್ ಕಣ್ ಚೆನ್ನಾಗವೆ,” ಎಂದರು. ಹಾಗೆನ್ನುವಾಗ ಅವರ ಮುಖ ನನ್ನ ಪಕ್ಕದ ಕಲ್ಲಿನ ಕಡೆಗಿತ್ತು.

ನಾನು ಚೀಲ ಕೆಳಗಿಟ್ಟು ಆ ಕಲ್ಲಿನ ಮೇಲೆ ಕೂತೆ. ಆಗ ಅವರೇ ಹೇಳಿದರು. “ಮುಖ ಗೊತ್ತಾಗಾಕಿಲ್ಲ ತಾಯಿ. ಯಾರೂಂತ ಮಾತಾಡ್ಸಲಿ? ತಪ್ಪು ಹೆಸ್ರು ಕೂಗುದ್ರೆ ಕುರ್ಡ ಅಂತ ಗೊತ್ತಾಯ್ತದೆ, ತೂಬಿನ ಕೆಲ್ಸ ಕಿತ್ಕೋತಾರೆ. ಅದ್ಕೇ ಬಾಯ್ ಮುಚ್ಕೊಂಡಿವ್ನಿ.”

ಟಾರ್ಚು ಹಾಕಿದೆ. ಎರಡೂ ಪಾಪೆ ಹಾಲಿನಂತೆ ಬೆಳ್ಳಗಿದ್ದವು. ಎಡಗಡೆಯದು ಬೆಳಕಿಗೆ ಅಲುಗಲೇ ಇಲ್ಲ, ಬಲಗಡೆಯದು ಚಿಕ್ಕದಾಯಿತು. ಎಡಗಣ್ಣು ಮುಚ್ಚಿಸಿ ಟಾರ್ಚನ್ನು ಮೇಲೆ, ಪಕ್ಕಕ್ಕೆ ಸರಿಸುತ್ತ ಕೇಳಿದೆ, “ಬೆಳಕು ಯಾವ ಕಡೆ?”

“ಮ್ಯಾಲೆ... ಈಗ ಕಿವಿ ಕಡೆ... ಈಗ ಮೂಗಿನ ಕಡೆ.”

ಒಂದೂ ತಪ್ಪಲಿಲ್ಲ. ಪೊರೆಯ ಹಿಂದೆ ಆ ಕಣ್ಣು ಬದುಕಿತ್ತು.

“ಈ ಕಣ್ಣಿಗೆ ಆಪರೇಷನ್ ಮಾಡಿಸ್ಬಹುದು,” ಎಂದೆ. ಅವರು ನನ್ನ ಕೈ ತಡವಿ ಹಿಡಿದುಕೊಂಡವರು ಬಿಡಲೇ ಇಲ್ಲ. ಯಾರಾದರೂ ನನ್ನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ, ನನಗೇ ನೆನಪಿರಲಿಲ್ಲ.

ಆಸ್ಪತ್ರೆಗೆ ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋದೆ. ಆಪರೇಷನ್ ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಪಕ್ಕ ಮರಳಿನ ಚೀಲವಿಟ್ಟು, ಅಲುಗಾಡದಂತೆ ಮಲಗಿಸಿದ್ದರು. ಕೆಲಸ ಮುಗಿಸಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅವರು ಕೆರೆಯ ಬಗ್ಗೆ, ಹೆಂಡತಿಯ ಬಗ್ಗೆ ಹೇಳುತ್ತಲೇ ಇರುತ್ತಿದ್ದರು. ಅಣ್ಣನ ಮನೆ ಬಿಟ್ಟು ಬಂದದ್ದನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವರಿಗೇ.

ದಪ್ಪ ಗಾಜಿನ ಕನ್ನಡಕ ಬಂದಾಗ ಅವರ ಮನೆ ಜಗಲಿಯ ಮೇಲೆ ನಾನೇ ತೊಡಿಸಿದೆ. ನನ್ನನ್ನೇ ದಿಟ್ಟಿಸಿದರು. “ಅಯ್ಯೋ, ನೀವು ಇಷ್ಟ್ ಚಿಕ್ಕೋರಾ ತಾಯಿ? ದನಿ ಕೇಳಿ ವಯಸ್ಸಾದೋರು ಅನ್ಕೊಂಡಿದ್ದೆ.”

ನಕ್ಕೆ. ನನಗಿನ್ನೂ ಮೂವತ್ತು ತುಂಬಿರಲಿಲ್ಲ.

ಆಮೇಲೆ ಅವರು ಏರಿಯ ಮೇಲೆ ಹೋಗುವವರನ್ನೆಲ್ಲ ಹೆಸರು ಹಿಡಿದು ಕೂಗತೊಡಗಿದರು. ಜಗಲಿ ತುಂಬ ಜನ. ಅಷ್ಟರಲ್ಲಿ ಆಸ್ಪತ್ರೆಯವರು ನನ್ನನ್ನು ವಸಂತಪುರದ ಕಡೆಯ ಹಳ್ಳಿಗಳಿಗೆ ಹಾಕಿದರು. ಒಮ್ಮೆ ಸಾರಕ್ಕಿ ದಾರಿಯಾಗಿ ಬಂದಾಗ ನೀರಗಂಟಿ, “ಬನ್ನಿ ತಾಯಿ, ಕಾಪಿ ಕುಡ್ಕಂಡ್ ಹೋಗಿ,” ಎಂದು ಕರೆದರು. ಕೂತವರು ಸರಿದು ಜಾಗ ಮಾಡಿಕೊಟ್ಟರು. ಎಲ್ಲರ ಮಾತು ಗದ್ದೆ, ನೆಂಟರು, ನೀರಿನ ಸರದಿ ಎಂದು ಸಾಗಿತ್ತು. ಅವರ ಸುತ್ತ ಜನ ಸೇರಿದ್ದನ್ನು ಕಂಡು ನನಗೆ ಸಂತೋಷವಾಗಿತ್ತು, ಸುಳ್ಳಲ್ಲ. ಆದರೆ ಆ ಮಾತಿನ ನಡುವೆ ನಾನು ಹೇಳುವಂಥದ್ದೇನೂ ಇರಲಿಲ್ಲ. ಕಾಫಿ ಕುಡಿದು, ಬರ್ತೀನಿ ಎಂದು ಎದ್ದು, ಬಸ್ಸಿಗೆ ನಡೆದೆ.