ಟೊಮೇಟೊ ಲೆಕ್ಕದಲ್ಲಿ ಗ್ರಾಫಿಕ್ಸ್ ಕಾರ್ಡು

ನನಗೆ ನೆನಪಿರುವ ಅವರ ಮಾತುಗಳಲ್ಲಿ ಎಷ್ಟನ್ನು ನಾನೇ ಸೇರಿಸಿಕೊಂಡಿದ್ದೇನೋ ತಿಳಿಯದು. ಕೋಲಾರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವರು ಟೊಮೇಟೊ ಬೆಳೆಗಾರರ ಮನೆಯವರು. ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡ್ ಕೇಳಿದವರಿಗೆಲ್ಲ ಕನ್ನಡಕ ಹಣೆಗೇರಿಸಿ, "ತಡ್ಕೊಳ್ಳಿ, ರೇಟು ಇಳೀತದೆ" ಎಂದು ವಾಪಸು ಕಳಿಸುತ್ತಿದ್ದರು. ರೇಟು ಏರುತ್ತಲೇ ಹೋಯಿತು. ಅಂಗಡಿ ಮುಚ್ಚುವ ಸ್ಥಿತಿಗೆ ಬಂತು.

"ಟೊಮೇಟೊ ಊರೆಲ್ಲ ಬೆಳೀತಾರೆ, ಇಳೀತದೆ. ಇದನ್ನ ಮಾಡೋರೇ ಇಬ್ರು ಮೂವ್ರು, ಯಾಕ್ರೀ ಇಳಿಸ್ತಾರೆ?" ಎಂದು ಅವರ ಹೆಂಡತಿ ನನ್ನೆದುರೇ ಛೇಡಿಸಿದರು.

ಅವರ ಮಾತು ನಂಬಿ ವರ್ಷದಿಂದ ಕಾದಿದ್ದ ಗೌನಿಪಲ್ಲಿಯ ಗಿರಾಕಿ ಅಷ್ಟರಲ್ಲಿ ಬಂದ. ಉಳಿದಿದ್ದ ಒಂದೇ ಕಾರ್ಡನ್ನು ಅವನ ಕೈಗಿಟ್ಟು, "ಹೋದ ವರ್ಷದ ರೇಟೇ ಕೊಡಪ್ಪ, ಕಾಯ್ಸಿದ್ದು ನಾನಲ್ವಾ" ಎಂದು ಅವರು ಹೇಳಿದ ನೆನಪು.

ಮೊನ್ನೆ ಆ ಗಿರಾಕಿಯನ್ನೇ ವಿಚಾರಿಸಿದೆ. ಮಾತು ನಾನು ಸೇರಿಸಿದ್ದಿರಬಹುದು, ಅಂಗಡಿಯವರು ತೆಗೆದುಕೊಂಡದ್ದು ಮಾತ್ರ ಹಿಂದಿನ ವರ್ಷದ ರೇಟನ್ನೇ.